ನಲವತ್ತೊಂದು ಎಂದು ಬರೆದ ಬೆಳಗು

ಕನ್ನಡಿಯಕ್ಕ ತನ್ನ ಬಲಗೈ ಹೆಬ್ಬೆರಳನ್ನು ಯಾವುದಕ್ಕೂ ತಾಗಿಸುತ್ತಿರಲಿಲ್ಲ. ಲೋಟ ಹಿಡಿದರೆ ನಾಲ್ಕು ಬೆರಳಲ್ಲಿ, ಚಿಲಕ ಸರಿಸಿದರೆ ಅಂಗೈ ಮಗ್ಗುಲಲ್ಲಿ, ಬಾಟಲಿಯ ಮುಚ್ಚಳ ತಿರುಗಿಸಬೇಕಾದರೆ ಎಡಗೈಯಲ್ಲಿ. ಸೊಸೆ ಮನೆಗೆ ಬಂದ ಹೊಸದರಲ್ಲಿ ಏನೋ ಮುಳ್ಳು ಚುಚ್ಚಿಕೊಂಡಿರಬೇಕು ಅಂದುಕೊಂಡಿದ್ದಳು. ವರ್ಷ ಕಳೆದರೂ ಮುಳ್ಳು ಹೊರಗೆ ಬಾರದ್ದು ನೋಡಿ, "ನಮ್ಮತ್ತೆ ಹೆಬ್ಬೆರಳು ರಜದ ಮೇಲಿದೆ, ಅವರು ಮಾತ್ರ ದಿನಾ ಕೆಲಸಕ್ಕೆ ಹೋಗ್ತಾರೆ" ಎಂದು ಗಂಡನ ಹತ್ತಿರ ನಗೆಯಾಡುತ್ತಿದ್ದಳು. ಕೇಳಿಸಿಕೊಂಡ ಕನ್ನಡಿಯಕ್ಕನೂ ನಗುತ್ತಿದ್ದಳು. ಮುಳ್ಳು ಚುಚ್ಚಿ ಇಪ್ಪತ್ತೆರಡು ವರ್ಷವಾಗಿತ್ತು. ಸೊಸೆಗೆ ಹೇಗೆ ಗೊತ್ತಾಗಬೇಕು?

ಊರಂಚಿನ ದೊಡ್ಡ ಸಂಸ್ಥೆಯೊಂದರ ನೆಲಮಾಳಿಗೆಯಲ್ಲಿ ಅವಳ ಕೆಲಸ. ಅಲ್ಲಿ ಬೆಂಕಿ ಹಚ್ಚಿ, ಆ ಬೆಂಕಿಯೊಳಗೆ ಯಾವ ಯಾವ ಅನಿಲ ಎಷ್ಟೆಷ್ಟು ಇದೆ ಎಂದು ಲೇಸರ್ ಬೆಳಕಿನಿಂದ ಅಳೆಯುತ್ತಾರೆ. ಬೆಂಕಿಗೆ ಕೈ ಹಾಕಿ ಅಳೆಯಲಾಗುವುದಿಲ್ಲವಲ್ಲ, ಅದಕ್ಕೆ ಈ ಉಪಾಯ. ಉದ್ದನೆಯ ಲೋಹದ ಕೊಳವೆಯ ಎರಡು ತುದಿಗೆ ಎರಡು ಕನ್ನಡಿ, ಎದುರುಬದುರು. ನಡುವೆ ಕೊಳವೆ ಬಾಯಿ ತೆರೆದಿರುವ ಜಾಗದಲ್ಲಿ ಬರ್ನರ್. ಬೆಳಕನ್ನು ಒಳಗೆ ಬಿಟ್ಟು ತಟ್ಟನೆ ನಿಲ್ಲಿಸುತ್ತಾರೆ. ಒಳಗೆ ಸಿಕ್ಕಿಬಿದ್ದ ಬೆಳಕು ಈ ಕನ್ನಡಿಯಿಂದ ಆ ಕನ್ನಡಿಗೆ ಸಾವಿರಾರು ಸಲ ಓಡಾಡಿ, ಸೋತು ಸೊರಗಿ, ಕಡೆಗೆ ಸಾಯುತ್ತದೆ. ಎಷ್ಟು ಹೊತ್ತಿಗೆ ಸತ್ತಿತು ಎಂಬುದೇ ಲೆಕ್ಕ.

ಖಾಲಿ ಮನೆಯಲ್ಲಿ ನಿಂತು ಕೂಗಿದರೆ ದನಿ ಬಹಳ ಹೊತ್ತು ಸುತ್ತಾಡುತ್ತದೆ. ಅದೇ ಮನೆಯಲ್ಲಿ ಹಾಸಿಗೆ, ಹೊದಿಕೆ, ಬಟ್ಟೆಗಂಟು ತುಂಬಿದ್ದರೆ ಕೂಗಿದ್ದು ಅಲ್ಲೇ ಇಂಗಿಹೋಗುತ್ತದೆ. ಹಾಗೆಯೇ ಇದು. ಬೆಂಕಿಯಲ್ಲಿ ಅನಿಲ ಹೆಚ್ಚಿದ್ದಷ್ಟೂ ಬೆಳಕು ಬೇಗ ಸಾಯುತ್ತದೆ. ಎಷ್ಟು ಬೇಗ ಎಂದು ತಿಳಿಯಬೇಕಾದರೆ, ಏನೂ ಇಲ್ಲದಾಗ ಅದು ಎಷ್ಟು ಹೊತ್ತು ಬದುಕುತ್ತದೆ ಎಂದು ಮೊದಲು ಗೊತ್ತಿರಬೇಕು. ಹಾಗಾಗಿ ದಿನಾ ಬೆಳಿಗ್ಗೆ, ಬೆಂಕಿ ಹಚ್ಚುವ ಮೊದಲು, ಖಾಲಿ ಕೊಳವೆಯ ಅಳತೆ ತೆಗೆದು ಪುಸ್ತಕದಲ್ಲಿ ಬರೆಯಬೇಕು. ಕನ್ನಡಿ ಒರೆಸುವುದು, ಖಾಲಿ ಅಳತೆ ಬರೆಯುವುದು, ಈ ಎರಡೇ ಅವಳ ಕೆಲಸ. ಕನ್ನಡಿ ಎಂದರೆ ಕೋಟಿನ ಗುಂಡಿಯಷ್ಟು ಅಗಲ. ಅದರಲ್ಲಿ ಮುಖ ನೋಡಿಕೊಳ್ಳಲು ಹೋದರೆ ಮುಖ ಕಾಣುವುದಿಲ್ಲ. ನಮ್ಮ ಕಣ್ಣಿಗೆ ಅದು ಬರೀ ಗಾಜು, ಆಚೆ ಬದಿಯ ಗೋಡೆ ಕಾಣುತ್ತದೆ. ಕಣ್ಣಿಗೆ ಕಾಣದ ಆ ಒಂದು ಬೆಳಕಿಗೆ ಮಾತ್ರ ಅದು ಕನ್ನಡಿ.

ಕೆಲಸಕ್ಕೆ ಸೇರಿ ಆರು ವಾರವಾಗಿತ್ತು ಅವಳಿಗೆ, ಆ ಬೆಳಗು ಬಂದಾಗ. ಗಂಡ ತೀರಿಕೊಂಡು ಎಂಟು ತಿಂಗಳು. ಮಗನಿಗೆ ಮೂರು ವರ್ಷ. ಕೆಲಸ ಕಾಯಂ ಆಗಿರಲಿಲ್ಲ.

ಅಲ್ಲಿ ಬರ್ನರ್ ಮಾಡುವವನನ್ನು ಎಲ್ಲರೂ ಬರ್ನರಣ್ಣ ಎನ್ನುತ್ತಿದ್ದರು. ಲೇತ್ ಯಂತ್ರದ ಮುಂದೆ ನಿಂತರೆ ಹೊತ್ತು ಗೊತ್ತು ಇಲ್ಲದ ಮನುಷ್ಯ. ಹಿತ್ತಾಳೆಯ ಪುಡಿ ಯಾವಾಗಲೂ ಅವನ ಹುಬ್ಬಿನ ಮೇಲೆ. ಬೆಂಕಿ ಹಚ್ಚುವ ಮೊದಲು ಸ್ಪ್ಯಾನರ್‌ನಿಂದ ಬರ್ನರ್ ಅಂಚಿಗೆ ಎರಡು ಸಲ ಕುಟ್ಟುತ್ತಿದ್ದ. ಟಕ್, ಟಕ್. ಅದರ ಮೇಲಿನ ತೂತಿನ ತಟ್ಟೆ ಸರಿಯಾಗಿ ಕೂತಿದೆಯೋ ಇಲ್ಲವೋ ಸದ್ದಿನಲ್ಲೇ ತಿಳಿಯುತ್ತದಂತೆ. ಆಮೇಲೆ "ಏಳಮ್ಮಾ ತಾಯಿ, ಬೆಳಗಾಯ್ತು" ಎಂದು ಕಿಡಿ ತಾಗಿಸುತ್ತಿದ್ದ. ನೀಲಿ ಬೆಂಕಿ ತಟ್ಟೆಯ ಮೇಲೆ ಹಾಳೆ ಹಾಸಿದಂತೆ ಏಳುತ್ತಿತ್ತು.

ಹೊಸ ಹೆಂಗಸಿಗೆ ಕನ್ನಡಿ ಒರೆಸುವುದನ್ನು ಕಲಿಸಿದವನೂ ಅವನೇ. "ನೋಡು ತಂಗಿ, ಅಂಚಲ್ಲಿ ಮಾತ್ರ ಹಿಡೀಬೇಕು. ಮಗುವಿನ ಕೆನ್ನೆ ಮುಟ್ಟಬಹುದು, ಇದರ ಮುಖ ಮುಟ್ಟಬಾರದು. ಮುಟ್ಟಿದ್ರೆ ಅದು ಸಾಯೋವರೆಗೂ ಮರೆಯಲ್ಲ" ಎಂದಿದ್ದ.

ನಾಲ್ಕು ವರ್ಷ ಕೂತು ಅವನು ಒಂದು ಹೊಸ ಬರ್ನರ್ ಮಾಡಿದ್ದ. ಬ್ರೆಡ್ ಸುಡುವ ದೊಡ್ಡ ಭಟ್ಟಿಗಳಿಗೆ ಅಂತ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಅದರ ಬೆಂಕಿಯಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಭಟ್ಟಿಯ ಮುಂದೆ ಇಡೀ ದಿನ ನಿಲ್ಲುವವರಿಗೆ ತಲೆ ಸುತ್ತು ಬರುವುದಿಲ್ಲ ಎನ್ನುತ್ತಿದ್ದ. ಅದನ್ನು ಪರೀಕ್ಷೆ ಮಾಡಿ ನೋಡಲು ಹೊರಗಿನಿಂದ ಐದು ಜನ ಬರುವ ದಿನವೇ ಆ ದಿನ.

ಬೆಳಿಗ್ಗೆ ಮಗುವಿಗೆ ಜ್ವರ. ಪಕ್ಕದ ಮನೆಯಲ್ಲಿ ಬಿಟ್ಟು ಓಡಿ ಬಂದವಳು ಕನ್ನಡಿ ತೆಗೆದಳು. ಕೈ ಬೆವೆತಿತ್ತು. ಕನ್ನಡಿ ಜಾರಿತು. ನೆಲಕ್ಕೆ ಬೀಳುವುದರೊಳಗೆ ಹಿಡಿದಳು. ಹೆಬ್ಬೆರಳು ಅದರ ಮುಖದ ನಟ್ಟನಡುವೆ ಕೂತಿತ್ತು.

ಒರೆಸಿದಳು. ಮತ್ತೆ ಒರೆಸಿದಳು. ಗುರುತು ಪೂರ್ತಿ ಹೋಗಲಿಲ್ಲ. ಹೊರಗೆ ಕಾರುಗಳು ಬಂದ ಸದ್ದು ಕೇಳಿತು. ಕನ್ನಡಿ ಕೂರಿಸಿ ಖಾಲಿ ಅಳತೆ ತೆಗೆದಳು. ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅಂಥ ನಲವತ್ತೊಂದು ಚೂರು ಹೊತ್ತು ಬೆಳಕು ಬದುಕಬೇಕಿತ್ತು. ನಿನ್ನೆ ನಲವತ್ತೊಂದು, ಮೊನ್ನೆ ನಲವತ್ತೊಂದು. ಇವತ್ತು ಪರದೆಯ ಮೇಲೆ ಮೂವತ್ತಮೂರು. ಹೇಳಿದರೆ ಕೆಲಸ ಹೋಗುತ್ತದೆ. ಖಾಲಿ ಕೊಳವೆಯಲ್ಲಿ ಏನಿದೆ ಮಹಾ, ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಒಂದು ಶಾಸ್ತ್ರಕ್ಕೆ ಬರೆಯುವುದು ಎಂದು ಅವಳು ತಿಳಿದಿದ್ದಳು. ಈ ಸಂಖ್ಯೆಯಿಂದಲೇ ಬೆಂಕಿಯ ಅಳತೆಯನ್ನು ಕಳೆಯುತ್ತಾರೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಪುಸ್ತಕ ತೆಗೆದು ದುಂಡಗೆ ಬರೆದಳು: ನಲವತ್ತೊಂದು.

ಬರ್ನರಣ್ಣ ಟಕ್ ಟಕ್ ಎನಿಸಿದ. ಬೆಂಕಿ ಎದ್ದಿತು. ಅಳತೆ ಮೂವತ್ತಕ್ಕೆ ಇಳಿಯಿತು. ಒಳ್ಳೆಯ ಬೆಂಕಿಯಾದರೆ ಮೂರು ಇಳಿಯಬೇಕು. ನಿಜಕ್ಕೂ ಮೂರೇ ಇಳಿದಿತ್ತು. ಆದರೆ ಪುಸ್ತಕದ ನಲವತ್ತೊಂದರಿಂದ ಕಳೆದರೆ ಹನ್ನೊಂದು, ಅಂದರೆ ವಿಷಾನಿಲ ಹೇರಳ. ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬರ್ನರಣ್ಣ, "ಇನ್ನೊಂದು ಸಲ ನೋಡಿ ಸಾರ್, ನನ್ನ ಬೆಂಕಿ ಸುಳ್ಳು ಹೇಳಲ್ಲ" ಎಂದ. ಆಗಿನ ದೊಡ್ಡ ಸಾಹೇಬರು, "ನೀವು ಹೇಳಬಹುದು, ಯಂತ್ರ ಹೇಳುತ್ತೇನ್ರೀ?" ಎಂದರು. ಯಾರೋ ನಕ್ಕರು. ಅಷ್ಟೇ. ಮಧ್ಯಾಹ್ನದೊಳಗೆ ಕಾರುಗಳು ಹೊರಟುಹೋದವು.

ಮಾರನೇ ದಿನ ಅವಳು ಆ ಕನ್ನಡಿಯನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ, ಕಪಾಟಿನಲ್ಲಿದ್ದ ಹೊಸದನ್ನು ಕೂರಿಸಿದಳು. ಅಳತೆ ಮತ್ತೆ ನಲವತ್ತೊಂದು. ಯಾರೂ ಏನೂ ಕೇಳಲಿಲ್ಲ. ತಿಂಗಳು ಕಳೆಯುವುದರೊಳಗೆ ಬರ್ನರಣ್ಣನನ್ನು ಲೇತ್‌ನಿಂದ ಎಬ್ಬಿಸಿ ಉಗ್ರಾಣಕ್ಕೆ ಕಳಿಸಿದರು. ಮೊಳೆ, ನಟ್ಟು, ಬೋಲ್ಟು ಎಣಿಸುವ ಕೆಲಸ.

ಅವಳಿಗೆ ತಾನು ಮಾಡಿದ್ದೇನೆಂದು ಗೊತ್ತಾದದ್ದು ಒಂದು ವರ್ಷದ ಮೇಲೆ. ಯಾರೋ ನೋಡಲು ಬಂದವರಿಗೆ ದೊಡ್ಡ ಸಾಹೇಬರು ವಿವರಿಸುತ್ತಿದ್ದರು: "ಖಾಲಿ ಅಳತೆಯೇ ಬುನಾದಿ. ಅದು ತಪ್ಪಿದರೆ ಬೆಂಕಿಯಲ್ಲಿ ಇಲ್ಲದ್ದೆಲ್ಲ ಇದೆ ಅನ್ನಿಸುತ್ತೆ." ಬಾಗಿಲ ಮರೆಯಲ್ಲಿ ನಿಂತು ಅವಳು ಕೇಳಿಸಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಅಂದಿನಿಂದ ಅದು ರಜದ ಮೇಲೆ.

ಹೇಳಬೇಕೆಂದು ಉಗ್ರಾಣದ ಬಾಗಿಲಿಗೆ ಹೋಗಿದ್ದಳು, ಒಂದಲ್ಲ, ಹತ್ತು ಸಲ. "ಏನು ತಂಗಿ, ಮಗ ಹೇಗಿದ್ದಾನೆ?" ಎನ್ನುತ್ತಿದ್ದ ಅವನು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನಿಂತು, ಎರಡು ತಿರುಪುಮೊಳೆ ಕೇಳಿ ತಂದುಬಿಡುತ್ತಿದ್ದಳು. ಹೀಗೆ ಆರು ವರ್ಷ. ಮನೆಯ ಡಬ್ಬಿಯಲ್ಲಿ ಬೇಡದ ತಿರುಪುಮೊಳೆ ರಾಶಿ ಬಿದ್ದವು. ಏಳನೇ ವರ್ಷ ಅವನು ಎದೆನೋವಿನಿಂದ ಹೋಗಿಬಿಟ್ಟ.

ಆಮೇಲೆ ಸದ್ದು ಶುರುವಾಯಿತು. ಬೆಳಿಗ್ಗೆ ಫ್ಯಾನು ಆರಿಸಿ, ದೀಪ ಆರಿಸಿ, ಖಾಲಿ ಅಳತೆಗೆ ಕೂತರೆ, ಕೊಳವೆಯ ಕಡೆಯಿಂದ ಟಕ್, ಟಕ್. ಅನಿಲದ ಕೊಳವೆಗಳಲ್ಲಿ ಕವಾಟಗಳಿವೆ, ಒತ್ತಡ ಏರಿಳಿದರೆ ಅವು ಸದ್ದು ಮಾಡುತ್ತವೆ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕವಾಟ ಒಂದು ಸಲ ಕುಟ್ಟಲಿ, ಐದು ಸಲ ಕುಟ್ಟಲಿ. ದಿನಾ ಎರಡೇ ಸಲ ಯಾಕೆ ಕುಟ್ಟಬೇಕು? ಆ ಸದ್ದಿನ ಜೊತೆಗೆ ಪರದೆಯ ಮೇಲಿನ ಸಂಖ್ಯೆ ಒಂದು ಕೂದಲೆಳೆ ಇಳಿದು ಮತ್ತೆ ಏರುತ್ತಿತ್ತು, ಯಾರೋ ಉಸಿರು ಬಿಟ್ಟು ಸರಿದ ಹಾಗೆ. ಮೊದಮೊದಲು ಬೆವರಿದಳು. ಕೊನೆಕೊನೆಗೆ "ಬಂದ್ರಾ ಅಣ್ಣಾ?" ಎಂದು ಮೆಲ್ಲಗೆ ಕೇಳುವಷ್ಟು ರೂಢಿಯಾಯಿತು. ಉತ್ತರ ಬಂದದ್ದಿಲ್ಲ. ಖಾಲಿ ಕೊಳವೆ ಖಾಲಿಯಾಗಿಲ್ಲ ಎಂದು ಅವಳೊಬ್ಬಳಿಗೆ ಗೊತ್ತಿತ್ತು. ಪುಸ್ತಕದಲ್ಲಿ ಮಾತ್ರ ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತಿದ್ದಳು. ಆ ಒಂದು ಬೆಳಗಿನ ಮೇಲೆ ಒಂದು ಅಂಕಿಯನ್ನೂ ಅವಳು ತಿದ್ದಲಿಲ್ಲ.

ಈಗ ನಿವೃತ್ತಿಗೆ ಮೂರು ವಾರ. ಈಗಿನ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವವರು, ಒಂದು ದಿನ ಕರೆದು, "ಅಕ್ಕಾ, ಹೋಗೋದ್ರೊಳಗೆ ಆ ಹಳೇ ಉಗ್ರಾಣದ ಕಪಾಟು ಒಂದು ನೋಡಿಬಿಡಿ. ಯಾವುದು ಏನು ಅಂತ ನಿಮಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ. ಬೇಡದ್ದೆಲ್ಲ ಗುಜರಿಗೆ" ಎಂದರು.

"ನಾನೂ ಹಳೇದೇ ಮೇಡಂ, ನನ್ನನ್ನೂ ಅದರ ಜೊತೆಗೇ ಕಳಿಸಿಬಿಡಿ."

"ನಿಮ್ಮನ್ನ ಯಾವ ಗುಜರಿಯವನೂ ಹೊರಲಾರ ಬಿಡಿ ಅಕ್ಕಾ."

ಕಪಾಟಿನ ತಳದಲ್ಲಿ ಮರದ ಪೆಟ್ಟಿಗೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಬರ್ನರ್. ತುಕ್ಕಿಲ್ಲ, ಕಲೆಯಿಲ್ಲ. ಪಕ್ಕದಲ್ಲಿ ಅವನ ಸ್ಪ್ಯಾನರ್. ಅದರ ಕೆಳಗೆ ದುಂಡನೆಯ ತಗಡಿನ ಡಬ್ಬಿ. ಬಿಚ್ಚಿದರೆ ಕಾಗದದಲ್ಲಿ ಸುತ್ತಿದ ಕನ್ನಡಿ. ಕಾಗದದ ಮೇಲೆ ಬರ್ನರಣ್ಣನ ಕೈಬರಹದಲ್ಲಿ ಒಂದು ತಾರೀಖು ಮಾತ್ರ. ಆ ತಾರೀಖನ್ನು ಅವಳಿಗೆ ಓದಿ ಹೇಳಬೇಕಾಗಿರಲಿಲ್ಲ. ಕನ್ನಡಿಯನ್ನು ಅಂಚಿನಲ್ಲಿ ಹಿಡಿದು ದೀಪಕ್ಕೆ ಓರೆ ಮಾಡಿದಳು. ನಟ್ಟನಡುವೆ, ಸುರುಳಿ ಸುರುಳಿಯಾಗಿ, ಬೆಂಕಿಯ ಕಾವಿಗೆ ಸುಟ್ಟು ಗಟ್ಟಿಯಾದ ಹೆಬ್ಬೆರಳಿನ ಗುರುತು.

ಕಸದ ಬುಟ್ಟಿಯಿಂದ ಅವನು ಅದನ್ನು ಎತ್ತಿಕೊಂಡಿದ್ದ. ಆರು ವರ್ಷವೂ ಅವನಿಗೆ ಗೊತ್ತಿತ್ತು. ತಿರುಪುಮೊಳೆ ಕೇಳಲು ಬಂದವಳ ಮುಖ ನೋಡಿ, ಮಗ ಹೇಗಿದ್ದಾನೆ ಎಂದು ಕೇಳಿದ್ದ.

ಕನ್ನಡಿಯಕ್ಕ ಅಲ್ಲೇ ನೆಲದ ಮೇಲೆ ಕೂತಳು. ಎಷ್ಟೋ ಹೊತ್ತಿನ ಮೇಲೆ ಪೆಟ್ಟಿಗೆ ಹೊತ್ತುಕೊಂಡು ಮೇಡಂ ಮುಂದೆ ಇಟ್ಟಳು.

"ಇದನ್ನ ಒಂದೇ ಒಂದು ಸಲ ಹಚ್ಚಿ ನೋಡೋಣ ಮೇಡಂ."

"ಅದು ಕೆಟ್ಟ ಬರ್ನರ್ ಅಲ್ವಾ ಅಕ್ಕಾ? ಹಳೇ ಪುಸ್ತಕದಲ್ಲಿ ಹಾಗೇ ಇದೆ."

"ಪುಸ್ತಕದಲ್ಲಿ ಬರೆದೋಳು ನಾನೇ."

ಮೇಡಂ ಅವಳ ಮುಖವನ್ನೊಮ್ಮೆ ನೋಡಿ ಬರ್ನರ್ ಕೂರಿಸಿದರು. ಈಗಿನ ಲೇಸರ್‌ನ ಬಣ್ಣವನ್ನು ಕೂದಲೆಳೆಯಷ್ಟು ಅತ್ತಿತ್ತ ಜರುಗಿಸಬಹುದು. ಆ ಅನಿಲ ಬೆಳಕನ್ನು ನುಂಗುವ ಬಣ್ಣದಲ್ಲೊಮ್ಮೆ, ನುಂಗದ ಬಣ್ಣದಲ್ಲೊಮ್ಮೆ ಅಳೆದರೆ ಕನ್ನಡಿಯ ಕೊಳೆಗೂ ಬೆಂಕಿಯ ಕೊಳೆಗೂ ವ್ಯತ್ಯಾಸ ತಿಳಿದುಬಿಡುತ್ತದೆ. ಆಗಿನ ಯಂತ್ರಕ್ಕೆ ಆ ಸೌಕರ್ಯ ಇರಲಿಲ್ಲ. ಮೂರು ಸಲ ಅಳೆದರು. ಮೂರು ಸಲವೂ ಮೂರೇ ಇಳಿಯಿತು. ಮೇಡಂ ಹಳೆಯ ಪುಸ್ತಕ ತರಿಸಿ ಪಕ್ಕದಲ್ಲಿಟ್ಟುಕೊಂಡರು. "ಅವತ್ತು ಹನ್ನೊಂದು. ಇವತ್ತು ಮೂರು. ಹೇಗಕ್ಕಾ?"

ಅವಳು ಡಬ್ಬಿ ಬಿಚ್ಚಿ ಕನ್ನಡಿ ತೋರಿಸಿದಳು. ಎಲ್ಲ ಹೇಳಿದಳು. ಹೇಳಲು ಐದು ನಿಮಿಷವೂ ಬೇಕಾಗಲಿಲ್ಲ. ಇಪ್ಪತ್ತೆರಡು ವರ್ಷ ಹೊತ್ತದ್ದು ಇಷ್ಟು ಚಿಕ್ಕದಾಗಿತ್ತೇ ಎಂದು ಅವಳಿಗೇ ನಾಚಿಕೆಯಾಯಿತು.

ಮೇಡಂ ಬೆಂಕಿ ಆರಿಸಿದರು. ಹಳೆಯ ಪುಸ್ತಕ ಮುಚ್ಚಿ, "ಈಗ ಹೇಳಿ ಏನು ಬಂತು ಅಕ್ಕಾ? ಅವರಿಲ್ಲ, ಆಗಿನ ಸಾಹೇಬರೂ ಇಲ್ಲ. ಮೂರು ವಾರ ಕಳೆದ್ರೆ ನೀವೂ ಇರಲ್ಲ. ನಾನು ಕೇಳಲೇ ಇಲ್ಲ ಅಂದುಕೊಳ್ತೀನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

"ಅತ್ತಿಗೆ ಇದ್ದಾರೆ ಮೇಡಂ."

ಅತ್ತಿಗೆ ಎಂದರೆ ಬರ್ನರಣ್ಣನ ಹೆಂಡತಿ. ಅವನು ಹೋದಮೇಲೂ ಕನ್ನಡಿಯಕ್ಕ ಎರಡು ತಿಂಗಳಿಗೊಮ್ಮೆ ತಪ್ಪದೆ ಆ ಮನೆಗೆ ಹೋಗುತ್ತಿದ್ದಳು. ಹಣ್ಣು ಒಯ್ಯುವಳು, ಔಷಧಿ ತಂದುಕೊಡುವಳು. "ಅಷ್ಟು ಜನ ಕೆಲಸದೋರಿದ್ರು, ಮರೀದೆ ಬರೋಳು ನೀನೊಬ್ಬಳೇ. ಒಡಹುಟ್ಟಿದೋಳೂ ಹೀಗಿರಲ್ಲ" ಎಂದು ಅತ್ತಿಗೆ ಎಂದಾಗಲೆಲ್ಲ ಕನ್ನಡಿಯಕ್ಕ ನೀರಿನ ಲೋಟ ಕೆಳಗಿಟ್ಟು ಎದ್ದುಬಿಡುತ್ತಿದ್ದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ಇನ್ನೊಬ್ಬರ ಮಾನ. ಅವಳು ಕೊಡುತ್ತಿದ್ದದ್ದು ಹಣ್ಣು.

ಭಾನುವಾರ ಬೆಳಿಗ್ಗೆ ಹೋದಳು. ಅತ್ತಿಗೆ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದಳು. ಕಣ್ಣು ಮಂಜಾಗಿದ್ದರೂ ಹೊಲಿಗೆ ನೆಟ್ಟಗೆ ಬರುತ್ತಿತ್ತು.

"ಬಾ ಬಾ. ಏನು ಮುಖ ಹೀಗಿದೆ? ಸೊಸೆ ಜೊತೆ ಜಗಳನಾ? ಗೆದ್ದೋರು ಯಾರು?"

"ಅತ್ತಿಗೆ, ಯಂತ್ರ ಒಂದು ನಿಮಿಷ ನಿಲ್ಲಿಸಿ."

ಕನ್ನಡಿಯಕ್ಕ ನಿಂತುಕೊಂಡೇ ಹೇಳಿದಳು. ಅತ್ತಿಗೆಯ ಅಂಗೈ ಯಂತ್ರದ ಚಕ್ರದ ಮೇಲೆ ಇಟ್ಟದ್ದು ಇಟ್ಟ ಹಾಗೇ ಇತ್ತು. ಮುಗಿದ ಮೇಲೆ ಅವಳು ಕೈ ಚಾಚಿದಳು. ಕನ್ನಡಿಯಕ್ಕ ಡಬ್ಬಿ ಕೊಟ್ಟಳು. ಅತ್ತಿಗೆ ಕನ್ನಡಿಯನ್ನು ಕಿಟಕಿಗೆ ಹಿಡಿದು, ಅತ್ತ ಇತ್ತ ಓರೆ ಮಾಡಿ, ಗುರುತು ಕಂಡ ಕಡೆ ತಡೆದಳು.

"ಅವತ್ತು ಮನೆಗೆ ಬಂದು ಅತ್ರು" ಎಂದಳು ಕಡೆಗೆ. "ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು ಕಣೇ ಅಂದ್ರು. ಗಂಡಸು ಹಾಗೆ ಅತ್ತಿದ್ದು ನಾನು ಮತ್ತೆ ನೋಡಿಲ್ಲ. ಮಾರನೇ ದಿನ ಕೆಲಸದಿಂದ ಬಂದವರೇ ಸುಮ್ಮನಾಗಿಬಿಟ್ರು. ಒಂದು ಮಾತಿಲ್ಲ. ಒಂದೇ ದಿನದಲ್ಲಿ ಹೇಗೆ ಸುಮ್ಮನಾದ್ರು ಅಂತ ನಾನು ಇಷ್ಟು ವರ್ಷ ತಲೆ ಕೆಡಿಸಿಕೊಂಡೆ. ಈಗ ತಿಳೀತು. ಇದು ಸಿಕ್ಕಿತ್ತು ಅವರಿಗೆ."

"ಹೌದು ಅತ್ತಿಗೆ."

"ಯಾಕೆ ಇಟ್ಟುಕೊಂಡ್ರು? ನಿನ್ನನ್ನ ಉಳಿಸೋಕಾ? ಇಲ್ಲ ಒಂದು ದಿನ ಹಿಡಿದು ಕೇಳೋಕಾ?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಇಪ್ಪತ್ತೊಂಬತ್ತು ವರ್ಷ ಅವರ ಜೊತೆ ಬಾಳಿದೀನಿ, ನನಗೇ ಗೊತ್ತಿಲ್ಲ." ಅತ್ತಿಗೆಯ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎಂದು ಕನ್ನಡಿಯಕ್ಕನಿಗೆ ಅನ್ನಿಸಿತು. "ಹಣ್ಣು ತರ್ತಿದ್ದೆಯಲ್ಲ. ನಾನು ತಿಂದೆ. ರುಚಿಯಾಗಿದೆ ಅಂದೆ."

ಕನ್ನಡಿಯಕ್ಕ ತಲೆ ತಗ್ಗಿಸಿದಳು.

"ಕ್ಷಮಿಸಿದೆ ಅಂತ ನನ್ನ ಬಾಯಲ್ಲಿ ಬರಲ್ಲ, ಕಾಯಬೇಡ. ಆ ಬೆಂಕಿ ಒಂದು ಸಲ ತೋರಿಸು."

ಕೆಲಸದ ಕೊನೆಯ ದಿನ, ಬೀಳ್ಕೊಡುಗೆ ಸಭೆಗೆ ಇನ್ನೂ ಎರಡು ಗಂಟೆ ಇರುವಾಗ, ಕನ್ನಡಿಯಕ್ಕ ಅತ್ತಿಗೆಯ ಕೈಹಿಡಿದು ನೆಲಮಾಳಿಗೆಯ ಮೆಟ್ಟಿಲು ಇಳಿಸಿದಳು. ಮೇಡಂ ಕುರ್ಚಿ ಹಾಕಿಸಿದ್ದರು, ಅತ್ತಿಗೆ ಕೂರಲಿಲ್ಲ. ಫ್ಯಾನು ನಿಲ್ಲಿಸಿದರು. ದೀಪ ಆರಿಸಿದರು. ಖಾಲಿ ಅಳತೆಗೆ ಕೂತ ಕನ್ನಡಿಯಕ್ಕ ಕಿವಿಗೊಟ್ಟು ಕಾದಳು. ಅವತ್ತು ಸದ್ದು ಬರಲಿಲ್ಲ. ಸಂಖ್ಯೆಯೂ ಅಲುಗಲಿಲ್ಲ. ಬರೆದುಕೊಂಡಳು. ಸದ್ದು ಬಾರದ್ದಕ್ಕೆ ನಿರಾಳವಾಗಬೇಕಿತ್ತು. ಅವಳು ಇನ್ನೊಮ್ಮೆ ಕೊಳವೆಯ ಕಡೆ ಕಿವಿಯಿಟ್ಟಳು.

ಸ್ಪ್ಯಾನರ್ ಮೇಜಿನ ಮೇಲಿತ್ತು. ಯಾರೂ ಹೇಳದೆ ಅತ್ತಿಗೆ ಅದನ್ನು ತಡವಿ ಎತ್ತಿಕೊಂಡು, ಬರ್ನರ್ ಅಂಚಿಗೆ ಎರಡು ಸಲ ಕುಟ್ಟಿದಳು. ಟಕ್, ಟಕ್.

"ಮನೇಲಿ ಒಲೆಗೂ ಹೀಗೇ ಮಾಡ್ತಿದ್ರು" ಎಂದಳು. "ಅದೂ ಅವತ್ತಿಂದ ನಿಂತುಹೋಗಿತ್ತು."

ಮೇಡಂ ಕಿಡಿ ತಾಗಿಸಿದರು. ನೀಲಿ ಹಾಳೆ ಎದ್ದು ನಿಂತಿತು. ಹೊಗೆಯಿಲ್ಲ, ಹಳದಿಯಿಲ್ಲ, ನಡುಕವಿಲ್ಲ. ಅತ್ತಿಗೆ ಮಂಜುಗಣ್ಣಲ್ಲಿ ಅದನ್ನೇ ನೋಡಿದಳು.

"ಇಷ್ಟೇನಾ?"

"ಇಷ್ಟೇ ಅತ್ತಿಗೆ."

"ಇದಕ್ಕೆ ನಾಲ್ಕು ವರ್ಷ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ ಆ ಮನುಷ್ಯ." ಅವಳ ತುಟಿ ನಕ್ಕಿತೋ ಬೇರೇನಾಯಿತೋ, ಆ ಬೆಳಕಿನಲ್ಲಿ ಹೇಳುವುದು ಕಷ್ಟ.

ಕನ್ನಡಿಯಕ್ಕ ಮೇಜಿನ ದೀಪ ಹಚ್ಚಿ ಹಳೆಯ ಪುಸ್ತಕದ ಆ ಪುಟ ತೆರೆದಳು. ನಲವತ್ತೊಂದರ ಕೆಳಗೆ, ಅದೇ ದುಂಡನೆಯ ಅಕ್ಷರದಲ್ಲಿ ಬರೆದಳು: ಮೇಲಿನದು ಸುಳ್ಳು. ಆ ದಿನ ಕಂಡದ್ದು ಮೂವತ್ತಮೂರು. ಕನ್ನಡಿಗೆ ತಾಗಿದ ಬೆರಳು ನನ್ನದು. ಬೆಂಕಿಯಲ್ಲಿ ದೋಷವಿರಲಿಲ್ಲ. ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಕೆಳಗೆ ಇವತ್ತಿನ ಅಳತೆ ಬರೆದು ತಾವೂ ಸಹಿ ಹಾಕಿದರು. ಕನ್ನಡಿಯಕ್ಕ ಸಹಿ ಹಾಕಲು ಪೆನ್ನು ಊರಿದಾಗ ಅತ್ತಿಗೆ ತಡೆದಳು.

"ನನಗೆ ಅಕ್ಷರ ಬರಲ್ಲ. ಬೆರಳು ಒತ್ತು. ಅದಾದ್ರೆ ನಾನೂ ಓದ್ತೀನಿ."

ಮೇಡಂ ಮೊಹರಿನ ಶಾಯಿಯ ಡಬ್ಬಿ ತಂದರು. ಇಷ್ಟು ವರ್ಷ ಏನನ್ನೂ ಮುಟ್ಟದೆ ನುಣುಪಾಗಿದ್ದ ಹೆಬ್ಬೆರಳನ್ನು ಕನ್ನಡಿಯಕ್ಕ ಶಾಯಿಗೆ ಅದ್ದಿ ಒತ್ತಿದಳು. ಅತ್ತಿಗೆ ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ತಂದು, ಇನ್ನೊಂದು ಕೈಯಲ್ಲಿ ಕನ್ನಡಿ ಹಿಡಿದು, ಸುರುಳಿಗೆ ಸುರುಳಿ ಹೋಲಿಸುತ್ತ ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಿಯನ್ನು ಡಬ್ಬಿಗೆ ಹಾಕಿ ತನ್ನ ಚೀಲದಲ್ಲಿಟ್ಟುಕೊಂಡಳು.

ಮೇಡಂ ಬೆಂಕಿ ಆರಿಸಿ ಸಭೆಯ ಏರ್ಪಾಟು ನೋಡಲು ಮೇಲೆ ಹೋದರು. ಇಬ್ಬರೇ ಉಳಿದರು. ಕಾದ ಲೋಹ ಮೆಲ್ಲಗೆ ಆರುತ್ತಿತ್ತು.

"ನಡಿ, ನಿನ್ನ ಕಾಯ್ತಿರ್ತಾರೆ" ಎಂದಳು ಅತ್ತಿಗೆ. ಆದರೆ ಅವಳೂ ಅಲುಗಲಿಲ್ಲ.

ಕೊಳವೆಯ ಕಡೆಯಿಂದ ಸದ್ದು ಬಂತು. ಟಕ್.

ಅತ್ತಿಗೆ ತಲೆ ಎತ್ತಿದಳು. ಮೇಜಿನ ದೀಪದ ಮಂದ ಬೆಳಕಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಇಬ್ಬರೂ ಎರಡನೆಯದಕ್ಕಾಗಿ ಕಾಯುತ್ತ ನಿಂತರು.